ಮೊದಲು ಕೈ, ಆಮೇಲೆ ಬೋರ್ಡು: ಗೇಮ್ ಕಂಟ್ರೋಲರ್ ಮಾಡಿದ ನನ್ನ ಅನುಭವ

ಗೇಮ್ ಕಂಟ್ರೋಲರ್ ಮಾಡೋಕೆ ಹೊರಟವರು ಸಾಮಾನ್ಯವಾಗಿ ಮೊದಲು ಸರ್ಕ್ಯೂಟ್ ಬೋರ್ಡ್ ತರಿಸುತ್ತಾರೆ. ಬಟನ್, ಸ್ಟಿಕ್ (ಹೆಬ್ಬೆರಳಿಂದ ವಾಲಿಸುವ ಚಿಕ್ಕ ಕಡ್ಡಿ), ವೈರ್ ಎಲ್ಲ ಟೇಬಲ್ ಮೇಲೆ ಹರಡಿಕೊಂಡು ಕೂರುತ್ತಾರೆ. ನನ್ನ ಸಲಹೆ ಬೇರೆ. ಮೊದಲು ಒಂದಿಷ್ಟು ಜೇಡಿಮಣ್ಣು ತನ್ನಿ.

ನನ್ನ ಹೊಟ್ಟೆಪಾಡಿನ ಕೆಲಸ ಇರೋದು ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ. ಮಷಿನ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಕ್ರೇನ್ ಓಡಿಸುವವರು ಕೈಯಲ್ಲಿ ಹಿಡಿಯುವ ಪೆಂಡೆಂಟ್‌ಗೂ ವೈರಿಂಗ್ ಮಾಡಿದ್ದೇನೆ. ಪೆಂಡೆಂಟ್ ಹಿಡಿದವರ ಕಣ್ಣು ಪೂರ್ತಿ ಲೋಡ್ ಮೇಲೆ ಇರುತ್ತೆ, ಬಟನ್ ಕಡೆ ನೋಡೋದೇ ಇಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದು ಬೆರಳಿಗೇ ಗೊತ್ತಾಗಬೇಕು. ಗೇಮ್ ಕಂಟ್ರೋಲರ್ ಕೂಡ ಇದೇ ಜಾತಿಯ ಸಾಮಾನು. ಅದರ ಮೇಲೆ ನನಗೆ ಪ್ರೀತಿ ಬಂದಿದ್ದೂ ಹೀಗೇ.

ಎಂಟ್ಹತ್ತು ವರ್ಷದ ಮಕ್ಕಳ ಕೈಗೆ ಹೊಂದುವ ಕಂಟ್ರೋಲರ್ ಮಾಡಬೇಕು ಅನ್ನೋದು ನನ್ನ ಆಸೆ. ನಮ್ಮ ಓಣಿಯ ಮಕ್ಕಳು ನಮ್ಮ ಮನೆಗೆ ಗೇಮ್ ಆಡೋಕೆ ಬರುತ್ತಾರೆ. ದೊಡ್ಡವರ ಕಂಟ್ರೋಲರ್ ಕೈಗೆ ಕೊಟ್ಟರೆ, ತೋರುಬೆರಳು ಮುಂದಿನ ಅಂಚಿನ ಟ್ರಿಗರ್ ಬಟನ್ ಮೇಲಿಟ್ಟಾಗ ಹೆಬ್ಬೆರಳು ಸ್ಟಿಕ್‌ಗೆ ಎಟಕಲ್ಲ. ಹೆಬ್ಬೆರಳು ಎಟಕಿಸಿದರೆ ಟ್ರಿಗರ್ ಕೈಬಿಡುತ್ತೆ. ಕೊನೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿಂದ ಒತ್ತುತ್ತಾರೆ. ಆಟ ಬರದೆ ಹಾಗೆ ಮಾಡೋದಲ್ಲ. ಸಾಮಾನಿನ ಅಳತೆಯೇ ಅವರದ್ದಲ್ಲ, ಅಷ್ಟೇ.

ನನ್ನದನ್ನು ಶುರು ಮಾಡೋ ಮೊದಲು ಹಳೇ ಕಂಟ್ರೋಲರ್‌ಗಳ ಮೊದಮೊದಲ ಮಾದರಿಗಳನ್ನು ನಾನೇ ಮಾಡಿ ಹಿಡಿದು ನೋಡಿದೆ. ಅಂಗಡಿಗೆ ಬಂದ ಕಂಟ್ರೋಲರ್ ನೋಡಿದರೆ ಕೊನೆಗೆ ಏನು ಉಳೀತು ಅನ್ನೋದು ಮಾತ್ರ ಗೊತ್ತಾಗುತ್ತೆ. ಏನೇನು ಬಿಟ್ಟರು ಅನ್ನೋದು ಕಾಣಬೇಕಾದರೆ ಅದಕ್ಕೂ ಹಿಂದಕ್ಕೆ ಹೋಗಬೇಕು. ಫೋಟೋ ನೋಡಿ, ಸುಮಾರು ಅಳತೆ ಹಾಕಿ, ಕೆಲವನ್ನು ಮರದಲ್ಲಿ, ಕೆಲವನ್ನು ಮಣ್ಣಲ್ಲಿ, ಕೆಲವನ್ನು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದೆ. ಒಳಗೆ ಏನೂ ಇಲ್ಲ, ಬರೀ ಆಕಾರ. ಕೈಗೆ ಹೇಗನ್ನಿಸುತ್ತೆ ಅಂತ ತಿಳಿಯೋಕೆ ಅಷ್ಟು ಸಾಕು.

ಎಲ್ಲಕ್ಕಿಂತ ಹಿಂದಿನದು ಎಂಜಿನಿಯರ್ ರಾಲ್ಫ್ ಬೇರ್ ಅವರ ಬ್ರೌನ್ ಬಾಕ್ಸ್, ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ತಯಾರಾಗಿದ್ದು. ಮರದ ಬಣ್ಣದ ಸ್ಟಿಕರ್ ಸುತ್ತಿದ ಪೆಟ್ಟಿಗೆ, ಅದಕ್ಕೆ ತಿರುಗಿಸುವ ನಾಬ್‌ಗಳಿರುವ ಎರಡು ಚಿಕ್ಕ ಡಬ್ಬಿ. ಅದೇ ಮುಂದೆ 1972ರಲ್ಲಿ ಮ್ಯಾಗ್ನವಾಕ್ಸ್ ಒಡಿಸ್ಸಿ ಆಗಿ ಮಾರುಕಟ್ಟೆಗೆ ಬಂತು. ಮೇಲೆ ಕೆಳಗೆ ಹೋಗೋಕೆ ಒಂದು ನಾಬ್, ಎಡ ಬಲಕ್ಕೆ ಇನ್ನೊಂದು, ಚೆಂಡನ್ನು ಓರೆಯಾಗಿ ತಿರುಗಿಸೋಕೆ ಮತ್ತೊಂದು. ನಾನು ಮಾಡಿದ ಡಬ್ಬಿ ಹಿಡಿದಾಗ ಒಂದು ವಿಷಯ ತಕ್ಷಣ ತಿಳೀತು. ಇದು ಕೈಯಲ್ಲಿ ಹಿಡಿಯುವ ಸಾಮಾನೇ ಅಲ್ಲ, ಮೇಜಿನ ಮೇಲೆ ಇಡಬೇಕಾದದ್ದು. ಎರಡೂ ಕೈ ನಾಬ್ ತಿರುಗಿಸೋದರಲ್ಲಿ ಇದ್ದರೆ ಡಬ್ಬಿ ಹಿಡಿಯೋರು ಯಾರು?

1976ರ ಫೇರ್‌ಚೈಲ್ಡ್ ಚಾನೆಲ್ ಎಫ್ ಈ ವಿಷಯದಲ್ಲಿ ದೊಡ್ಡ ಹೆಜ್ಜೆ. ಜೆರ್ರಿ ಲಾಸನ್ ಅವರ ತಂಡದ ಕನ್ಸೋಲ್, ಅಂದರೆ ಟಿವಿಗೆ ಜೋಡಿಸುವ ಗೇಮ್ ಯಂತ್ರ ಅದು. ಮುಷ್ಟಿಯಲ್ಲಿ ಹಿಡಿಯುವ ಒಂದು ಹಿಡಿಕೆ, ಅದರ ತುದಿಯಲ್ಲಿ ತ್ರಿಕೋನದ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ನಾಲ್ಕೂ ಕಡೆ ವಾಲಿಸಬಹುದು, ಎರಡೂ ಕಡೆ ತಿರುಗಿಸಬಹುದು, ಮೇಲಕ್ಕೆ ಎಳೆಯಬಹುದು, ಕೆಳಗೆ ಒತ್ತಬಹುದು. ಧಾರವಾಡದಲ್ಲಿ ಪರಿಚಯದ ಬಡಿಗೇರ ಕಾಕಾ ಒಬ್ಬರು ಸಾಗವಾನಿ ತುಂಡಿನಲ್ಲಿ ಇದನ್ನು ಕಡೆದು ಕೊಟ್ಟರು. ಕೈಯಲ್ಲಿ ತಿರುಗಿಸಿ ನೋಡಿ, "ಏನ್ ತಮ್ಮಾ, ಇದನ್ನ ಹಿಡಕೊಂಡು ಎಷ್ಟೊತ್ತು ಆಡ್ತಾರು? ಮಣಿಕಟ್ಟು ನೋಯೂದುಲ್ಲೇನು?" ಅಂದರು. ಅವರ ಮಾತು ಖರೆ. ಸ್ವಲ್ಪ ಹೊತ್ತಿಗೇ ಮಣಿಕಟ್ಟು ಬಿಗಿಯುತ್ತೆ. ಆದರೂ ಒಂದೇ ಟೊಪ್ಪಿಗೆಯಲ್ಲಿ ಎಂಟು ಕೆಲಸ ಕೂರಿಸಿದ ಆ ಯೋಚನೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಆಮೇಲೆ ಬಂತು ಜಪಾನಿನ ನಿಂಟೆಂಡೊ ಕಂಪನಿಯ ಕನ್ಸೋಲ್ ಫ್ಯಾಮಿಕಾಮ್, 1983ರಲ್ಲಿ. ಇದರ ಮುಖ್ಯಸ್ಥ ಎಂಜಿನಿಯರ್ ಮಸಾಯುಕಿ ಉಎಮುರಾ. ಜಾಯ್‌ಸ್ಟಿಕ್ (ಎದ್ದು ನಿಂತ ಕೋಲು) ಇಡೋಣ ಅನ್ನೋ ಯೋಚನೆ ಮೊದಲು ಅವರಿಗೂ ಇತ್ತು. ಆದರೆ ಮಕ್ಕಳು ಆಡೋದು ನೆಲದ ಮೇಲೆ. ಯಾರಾದರೂ ಅದರ ಮೇಲೆ ಕಾಲಿಟ್ಟರೆ ಏನು ಗತಿ ಅನ್ನೋ ಚಿಂತೆ ಬಂತು. ಗುನ್‌ಪೇ ಯೊಕೊಯಿ ಅದೇ ಕಂಪನಿಯ ಕೈಯಲ್ಲಿ ಹಿಡಿದು ಆಡುವ 1982ರ ಡಾಂಕಿ ಕಾಂಗ್ ಗೇಮ್ ಅಂಡ್ ವಾಚ್‌ನಲ್ಲಿ ಇಟ್ಟಿದ್ದ ಪ್ಲಸ್ ಆಕಾರದ ಬಟನ್ ಆಗ ಕಣ್ಣಿಗೆ ಬಿತ್ತು. ಅದೇ ಈಗ ನಾವೆಲ್ಲ ಡಿ-ಪ್ಯಾಡ್ ಅನ್ನೋದು. ನಮ್ಮ ಮನೆಗಳಲ್ಲೂ ಕೂರೋದು ನೆಲದ ಮೇಲೇ ಅಲ್ವಾ? ಹಾಗಾಗಿ ಈ ಕಾರಣ ನನಗೆ ತುಂಬ ಹತ್ತಿರದ್ದು ಅನ್ನಿಸುತ್ತೆ.

ಡಿ-ಪ್ಯಾಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೇ ಟಿವಿ ಗೇಮ್ ಪ್ಯಾಡ್ ಸಿಕ್ಕರೆ ಬಿಚ್ಚಿ ನೋಡಿ. ಸ್ಕ್ರೂ ತೆಗೆದು ಹಿಂದಿನ ಮುಚ್ಚಳ ಎತ್ತಿ, ಬೋರ್ಡ್ ಸರಿಸಿ. ಕೆಳಗೆ ಮೆತ್ತಗಿನ ರಬ್ಬರ್ ಶೀಟ್, ಅದರಲ್ಲಿ ನಾಲ್ಕು ಉಬ್ಬು. ಪ್ರತಿ ಉಬ್ಬಿನ ಒಳಗೆ ಕಪ್ಪು ಕಾರ್ಬನ್ ಬಿಲ್ಲೆ. ಒತ್ತಿದಾಗ ಆ ಬಿಲ್ಲೆ ಬೋರ್ಡ್ ಮೇಲಿನ ಎರಡು ಗೆರೆಗಳನ್ನು ಸೇರಿಸುತ್ತೆ. ಇನ್ನು ಪ್ಲಸ್ ಬಟನ್ನನ್ನೇ ಮಗುಚಿ ನೋಡಿ. ನಟ್ಟನಡುವೆ ಒಂದು ಗುಂಡನೆಯ ಉಬ್ಬು ಇರುತ್ತೆ. ಇಡೀ ಬಟನ್ ವಾಲೋದು ಅದರ ಮೇಲೆ. ಬಲಕ್ಕೆ ಒತ್ತಿದರೆ ಎಡ ಮೇಲೇಳಲೇಬೇಕು, ಎರಡೂ ಒಟ್ಟಿಗೆ ಒತ್ತೋಕೆ ಆಗಲ್ಲ. ನಾನು ಆ ಉಬ್ಬಿಲ್ಲದ ಒಂದು ಪ್ಲಸ್ ಪ್ರಿಂಟ್ ಮಾಡಿಸಿ ಹಾಕಿ ನೋಡಿದೆ. ಹೆಬ್ಬೆರಳು ಸ್ವಲ್ಪ ನಡುವೆ ಬಿದ್ದರೂ ಎಡ, ಬಲ, ಮೇಲೆ, ಕೆಳಗೆ ಎಲ್ಲ ಒಟ್ಟಿಗೆ ಹೋಗಿ ಗೇಮ್‌ನ ಮನುಷ್ಯ ನಿಂತಲ್ಲೇ ನಡುಗುತ್ತಾನೆ. ಉಬ್ಬು ಸೇರಿಸಿದ ಮೇಲೆ ಎಲ್ಲ ಸರಿ. ಇಡೀ ಕಂಟ್ರೋಲರ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಮೊದಲ ಫ್ಯಾಮಿಕಾಮ್‌ಗಳಲ್ಲಿ ಎ, ಬಿ ಬಟನ್‌ಗಳು ಚೌಕಾಕಾರದ ರಬ್ಬರ್‌ನವು. ಮೂಲೆಯಲ್ಲಿ ಒತ್ತಿದರೆ ಸಿಕ್ಕಿಕೊಳ್ಳುತ್ತಿದ್ದವು. ಸ್ವಲ್ಪ ಕಾಲದಲ್ಲೇ ದುಂಡನೆಯ ಗಟ್ಟಿ ಪ್ಲಾಸ್ಟಿಕ್ ಬಟನ್ ಬಂತು. ನೀವು ಮಾಡುವಾಗಲೂ ದುಂಡನೆಯದೇ ಮಾಡಿ, ಸುತ್ತ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಸಂದು ಬಿಡಿ.

1985ರ ಜನವರಿಯಲ್ಲಿ ಇದೇ ನಿಂಟೆಂಡೊ ಅಮೆರಿಕದಲ್ಲಿ ಅಡ್ವಾನ್ಸ್‌ಡ್ ವಿಡಿಯೊ ಸಿಸ್ಟಮ್ ಅಂತ ಒಂದು ಮಾದರಿ ತೋರಿಸಿತು. ವಿನ್ಯಾಸ ಲಾನ್ಸ್ ಬಾರ್ ಅವರದ್ದು. ಕಂಟ್ರೋಲರ್‌ಗೆ ವೈರೇ ಇಲ್ಲ, ಇನ್‌ಫ್ರಾರೆಡ್. ಅದೇ ವರ್ಷದ ಕೊನೆಗೆ ಎನ್ಇಎಸ್ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್) ಆಗಿ ಅಂಗಡಿಗೆ ಬಂದಾಗ ಮಾತ್ರ ವೈರ್ ಇತ್ತು. ಟಿವಿ ರಿಮೋಟ್ ಬಳಸಿದ ಯಾರಿಗಾದರೂ ಗೊತ್ತು, ನಡುವೆ ಒಬ್ಬರು ಬಂದು ನಿಂತರೆ ಇನ್‌ಫ್ರಾರೆಡ್ ಸಿಗ್ನಲ್ ಕಟ್. ನಮ್ಮ ಮನೆಯಲ್ಲಿ ಮಕ್ಕಳು ಟಿವಿ ಮುಂದೆ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ನಾನೂ ವೈರನ್ನೇ ಆರಿಸಿಕೊಂಡೆ. ಬ್ಯಾಟರಿ ಭಾರವೂ ಉಳಿಯಿತು.

ಹಿಡಿಕೆಯ ಪಾಠ ಕಲಿತಿದ್ದು ಸೋನಿ ಕಂಪನಿಯ ಪ್ಲೇಸ್ಟೇಷನ್‌ನಿಂದ. ಅದರ ಕಂಟ್ರೋಲರ್ ರೂಪಿಸಿದವರು ತೇಯು ಗೋಟೊ. ಎರಡು ಹಿಡಿಕೆ ಇಟ್ಟ ಅವರ ಮಾದರಿ ಕಂಪನಿಯೊಳಗೆ ಹಲವರಿಗೆ ಹಿಡಿಸಲಿಲ್ಲ. ಜನರಿಗೆ ಚಪ್ಪಟೆ ಪ್ಯಾಡ್ ರೂಢಿ ಆಗಿದೆ, ಅದೇ ಇರಲಿ ಅನ್ನೋದು ಅವರ ವಾದ. ಸೋನಿಯ ಮುಖ್ಯಸ್ಥ ನೊರಿಯೊ ಓಗಾ ಹಿಡಿಕೆಯ ಪರ ನಿಂತರು. 1994ರ ಡಿಸೆಂಬರ್‌ನಲ್ಲಿ ಅದು ಜಪಾನಿನ ಅಂಗಡಿಗೆ ಬಂತು. ಅಲ್ಲಿಂದ ಈಚೆಗೆ ಹಿಡಿಕೆಯೇ ಇಲ್ಲದ ಕಂಟ್ರೋಲರ್ ಸಿಗೋದೇ ಅಪರೂಪ.

ಅದೇ ಸೋನಿ 2005ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಅಂತ ಬಾಳೆಹಣ್ಣಿನ ಹಾಗೆ ಬಾಗಿದ ಒಂದು ಕಂಟ್ರೋಲರ್ ತೋರಿಸಿತು. ಜನ ಅದನ್ನು ಬೂಮರಾಂಗ್ ಅಂತ ಕರೆದು ಗೇಲಿ ಮಾಡಿದರು. 2006ರಲ್ಲಿ ಕನ್ಸೋಲ್ ಬಂದಾಗ ಮತ್ತೆ ಹಳೇ ಆಕಾರವೇ ಬಂತು. ನಾನು ಇದನ್ನೂ ಪ್ರಿಂಟ್ ಮಾಡಿಸಿದೆ. ದಪ್ಪ ನನ್ನ ಅಂದಾಜಿನದ್ದು, ಹಾಗಾಗಿ ಪೂರ್ತಿ ತೀರ್ಪು ಕೊಡಲ್ಲ. ಆದರೆ ನನ್ನ ಕೈಗೆ ಅದು ಕೆಟ್ಟದ್ದು ಅನ್ನಿಸಲಿಲ್ಲ. ಕಿರುಬೆರಳಿಗೂ ಜಾಗ ಸಿಗುತ್ತೆ. ಜನ ಹಿಡಿದು ನೋಡದೆ, ಬರೀ ಫೋಟೋ ನೋಡಿ ನಕ್ಕರು ಅನ್ನೋದು ನನಗೆ ಇವತ್ತಿಗೂ ಬೇಸರ.

ಇನ್ನೊಂದು ಕಥೆ 2001ರ ಮೊದಲ ಎಕ್ಸ್‌ಬಾಕ್ಸ್‌ನದ್ದು. ಅದರ ಕಂಟ್ರೋಲರ್‌ಗೆ ಡ್ಯೂಕ್ ಅನ್ನೋ ಹೆಸರೇ ಬಿದ್ದುಬಿಟ್ಟಿತು, ಅಷ್ಟು ದೊಡ್ಡದು. ಒಳಗಿನ ಸರ್ಕ್ಯೂಟ್ ಬೋರ್ಡ್ ಮೊದಲೇ ನಿಶ್ಚಯ ಆಗಿತ್ತು, ಮೆಮೊರಿ ಕಾರ್ಡ್‌ಗೆ ಎರಡು ಸ್ಲಾಟ್ ಬೇರೆ. ಅದನ್ನೆಲ್ಲ ಮುಚ್ಚುವಷ್ಟು ದೊಡ್ಡ ಕವಚ ಮಾಡದೆ ವಿನ್ಯಾಸಕಾರರಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಜಪಾನಿಗೆ ಅಂತ ಮಾಡಿದ ಚಿಕ್ಕ ಕಂಟ್ರೋಲರ್ 2002ರಲ್ಲಿ ಎಲ್ಲ ಕಡೆಗೂ ಬಂತು. ಬೋರ್ಡ್ ಮೊದಲು, ಕೈ ಆಮೇಲೆ ಅಂತ ಹೊರಟರೆ ಏನಾಗುತ್ತೆ ಅನ್ನೋಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾಗಿ ನಾನು ಮಣ್ಣಿಂದ ಶುರು ಮಾಡಿದೆ. ಗಣೇಶ ಮೂರ್ತಿ ಮಾಡುವ ಕಾಕಾ ಒಬ್ಬರು ಹುಬ್ಬಳ್ಳಿಯಲ್ಲಿ ಪರಿಚಯ. ಹದ ಮಾಡಿದ ಮಣ್ಣು ಕೊಡುತ್ತಾ, "ಒಣಗಿದ ಮ್ಯಾಲೆ ಕುಗ್ಗತೈತಿ ಮತ್ತ. ಹಸೀ ಇದ್ದಾಗನ ಅಳತಿ ತಗೋ" ಅಂದರು. ಆ ಮಾತು ಬಹಳ ಉಪಯೋಗಕ್ಕೆ ಬಂತು.

ಮಣ್ಣನ್ನು ಎರಡು ಉದ್ದ ಉಂಡೆ ಮಾಡಿ, ನಡುವೆ ಒಂದು ಚಪ್ಪಟೆ ಪಟ್ಟಿ ಸೇರಿಸಿ, ಒಬ್ಬೊಬ್ಬ ಮಗುವಿಗೂ ಕೊಟ್ಟೆ. "ಗೇಮ್ ಆಡೋ ಹಂಗ ಹಿಡಿ" ಅಂದೆ, ಅಷ್ಟೇ. ಎಲ್ಲಿ ಬೆರಳಿಡಬೇಕು ಅಂತ ಹೇಳಲಿಲ್ಲ. ಬಿಟ್ಟ ಮೇಲೆ ಮಣ್ಣಲ್ಲಿ ಗುರುತು ಉಳಿದಿರುತ್ತೆ. ಭಾರ ಹೊರೋದು ನಡುಬೆರಳು ಮತ್ತು ಉಂಗುರಬೆರಳು. ಅಲ್ಲಿ ತಗ್ಗು ಆಳವಾಗಿ ಬೀಳುತ್ತೆ. ಕಿರುಬೆರಳ ಗುರುತು ಬಹಳ ಮಕ್ಕಳಲ್ಲಿ ಕಾಣಲೇ ಇಲ್ಲ, ಅದು ಗಾಳಿಯಲ್ಲೇ ಇತ್ತು. ಅಂದರೆ ಹಿಡಿಕೆ ಅವರಿಗೆ ಅಷ್ಟು ಉದ್ದ ಬೇಕಿಲ್ಲ. ಹಸಿ ಇದ್ದಾಗಲೇ ವರ್ನಿಯರ್ ಹಿಡಿದು ಆಳ, ಅಗಲ, ತಗ್ಗಿನಿಂದ ತಗ್ಗಿಗೆ ದೂರ ಎಲ್ಲ ಬರೆದುಕೊಂಡೆ.

ಹೆಬ್ಬೆರಳಿಗೆ ಬೇರೆ ಉಪಾಯ. ಆಫೀಸಿನ ಸ್ಟ್ಯಾಂಪ್ ಪ್ಯಾಡ್ ತಂದು ಹೆಬ್ಬೆರಳ ತುದಿಗೆ ಮಸಿ ಹಚ್ಚಿದೆ. ಮಣ್ಣಿನ ಮೇಲೆ ಕಾಗದ ಹೊದಿಸಿ, ಹಿಡಿತ ಬಿಡದೆ ಹೆಬ್ಬೆರಳನ್ನು ಈ ಕಡೆಯಿಂದ ಆ ಕಡೆಗೆ ಆಡಿಸಲು ಹೇಳಿದೆ. ಕಾಗದದ ಮೇಲೆ ಒಂದು ಕಮಾನು ಮೂಡಿತು. ದೊಡ್ಡವರ ಕಮಾನೂ ತೆಗೆದು ಪಕ್ಕದಲ್ಲಿಟ್ಟೆ. ಮಕ್ಕಳ ಕಮಾನಿನ ಆಚೆ ಇರುವ ಬಟನ್ ಅವರ ಪಾಲಿಗೆ ಇಲ್ಲದ ಹಾಗೇ. ಸ್ಟಿಕ್, ಡಿ-ಪ್ಯಾಡ್, ನಾಲ್ಕು ಬಟನ್ ಎಲ್ಲವನ್ನೂ ಆ ಕಮಾನಿನ ಒಳಗೇ ಕೂರಿಸಿದೆ. ಬೋರ್ಡ್‌ಗೆ ಜಾಗ ಎಲ್ಲಿ ಉಳಿಯುತ್ತೆ ಅಂತ ನೋಡಿದ್ದು ಇದರ ನಂತರ.

ಕವಚವನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ, ವಿದ್ಯಾನಗರದ ಗೆಳೆಯನ ಪ್ರಿಂಟರ್‌ನಲ್ಲಿ ಪಿಎಲ್ಎ ಅನ್ನೋ ಪ್ಲಾಸ್ಟಿಕ್ಕಿನಲ್ಲಿ 0.2 ಮಿಲಿಮೀಟರ್ ಪದರ ಇಟ್ಟು ಪ್ರಿಂಟ್ ಮಾಡಿಸಿದೆ. 120, 220, 400 ನಂಬರಿನ ಪಾಲಿಶ್ ಪೇಪರ್‌ನಿಂದ ಒಂದಾದ ಮೇಲೊಂದರಂತೆ ಉಜ್ಜಿದರೆ ಬೆವರು ಕೈಗೂ ಹಿತ. ಕೈಗೆ ಒತ್ತುವ ಜಾಗ ಕಂಡರೆ ಉಜ್ಜಿ ತೆಗೆಯಿರಿ, ಖಾಲಿ ಅನ್ನಿಸಿದ ಜಾಗಕ್ಕೆ ಎಂ-ಸೀಲ್ ಮೆತ್ತಿ. ಮತ್ತೆ ಪ್ರಿಂಟ್ ಮಾಡೋಕಿಂತ ಇದು ಬೇಗ.

ಎಲೆಕ್ಟ್ರಾನಿಕ್ಸ್ ಸುಲಭ. ಎಟಿಮೆಗಾ 32ಯು4 ಚಿಪ್ ಇರುವ ಚಿಕ್ಕ ಬೋರ್ಡ್ ತಗೊಳ್ಳಿ. ಅದು ಯುಎಸ್‌ಬಿಯಲ್ಲಿ ನೇರವಾಗಿ ಗೇಮ್‌ಪ್ಯಾಡ್ ಅಂತ ಕಂಪ್ಯೂಟರ್‌ಗೆ ಕಾಣಿಸಿಕೊಳ್ಳುತ್ತೆ. ಬಟನ್‌ನ ಒಂದು ಕಾಲು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಪ್ರೋಗ್ರಾಮ್‌ನಲ್ಲಿ ಒಳಗಿನ ಪುಲ್-ಅಪ್ (ಒತ್ತದಿದ್ದಾಗ ಪಿನ್ ಅತ್ತಿತ್ತ ಆಡದಂತೆ ಹಿಡಿದಿಡುವ ವ್ಯವಸ್ಥೆ) ಆನ್ ಮಾಡಿ, 5 ಮಿಲಿಸೆಕೆಂಡ್ ಡಿಬೌನ್ಸ್ (ಒಂದು ಒತ್ತು ಹಲವು ಸಲ ಎಣಿಕೆಯಾಗದಂತೆ ಕಾಯುವ ಸಮಯ) ಇಡಿ. ಒತ್ತಿದರೆ ಟಿಕ್ ಅನ್ನುವ ಚಿಕ್ಕ ಟ್ಯಾಕ್ಟ್ ಸ್ವಿಚ್ ಹಾಕೋದಾದರೆ 160 ಗ್ರಾಂ ಬಲದ್ದು ಕೇಳಿ ತಗೊಳ್ಳಿ, ಅದಕ್ಕಿಂತ ಗಟ್ಟಿ ಇರೋದು ಮಕ್ಕಳ ಬೆರಳಿಗೆ ಬೇಡ. ನಾನು ಕೊನೆಗೆ ಹಳೇ ಪ್ಯಾಡಿನ ರಬ್ಬರ್ ಶೀಟ್‌ಗೇ ಹೋದೆ. ಸದ್ದಿಲ್ಲ, ಮೆತ್ತಗೆ ಇದೆ.

ಸ್ಟಿಕ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಾಮಾನ್ಯ ಸ್ಟಿಕ್‌ನಲ್ಲಿ 10 ಕಿಲೋಓಮ್‌ನ ಎರಡು ಪಾಟ್ (ತಿರುಗಿಸಿದಂತೆ ವಿದ್ಯುತ್ ರೋಧ ಬದಲಾಗುವ ಭಾಗ) ಇರುತ್ತವೆ. ಬೋರ್ಡ್ ಅದನ್ನು ಓದಿದರೆ ಸಿಗೋ ಸಂಖ್ಯೆ 0ಯಿಂದ 1023, ನಡುವೆ ಬಿಟ್ಟಾಗ ಸುಮಾರು 512. ಬಳಸಿ ಬಳಸಿ ಒಳಗಿನ ಕಾರ್ಬನ್ ಸವೆಯುತ್ತೆ, ಆಮೇಲೆ ಕೈ ಬಿಟ್ಟರೂ ಸ್ಟಿಕ್ ಒಂದು ಕಡೆ ಎಳೆಯುತ್ತೆ. 1996ರ ನಿಂಟೆಂಡೊ 64ರಲ್ಲಿ ಪಾಟ್ ಬದಲು ಬೆಳಕಿಂದ ಎಣಿಸುವ ಚಕ್ರಗಳಿದ್ದವು, ಆದರೆ ಸ್ಟಿಕ್ಕಿನ ಬುಡ ಪ್ಲಾಸ್ಟಿಕ್ ಬಟ್ಟಲಿಗೆ ಉಜ್ಜಿ ಪುಡಿಯಾಗಿ ಸಡಿಲವಾಗುತ್ತಿತ್ತು. ಸೇಗಾದವರು ಅದೇ ಕಾಲದ ಸ್ಯಾಟರ್ನ್ ತ್ರೀಡಿ ಪ್ಯಾಡ್‌ನಲ್ಲಿ, ಮುಂದೆ ಡ್ರೀಮ್‌ಕಾಸ್ಟ್‌ನಲ್ಲಿ ಅಯಸ್ಕಾಂತ ಮತ್ತು ಅದರ ಕಾಂತಬಲ ಗುರುತಿಸುವ ಹಾಲ್ ಸೆನ್ಸರ್ ಬಳಸಿದರು. ಅಳೆಯುವ ಭಾಗ ಒಂದಕ್ಕೊಂದು ತಾಗೋದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. ಈಗ ಹಾಲ್ ಸ್ಟಿಕ್ ಬಿಡಿಯಾಗಿ ಸಿಗುತ್ತೆ, ನಾನು ಅದಕ್ಕೇ ಬದಲಾಯಿಸಿದೆ.

2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗೆ 200ಕ್ಕೂ ಜಾಸ್ತಿ ಮಾದರಿ ಮಾಡಿದ್ದರಂತೆ. ನನ್ನ ಶೆಲ್ಫ್‌ನಲ್ಲೂ ಮಣ್ಣಿನವು, ಮರದವು, ಪ್ಲಾಸ್ಟಿಕ್‌ನವು ಸಾಲಾಗಿ ಇವೆ. ಒಂದನ್ನೂ ಎಸೆದಿಲ್ಲ. ಹೊಸದು ಕೈಗೆ ಹತ್ತದಿದ್ದರೆ ಹಳೆಯದನ್ನು ಪಕ್ಕದಲ್ಲಿಟ್ಟು ಹಿಡಿದು ನೋಡುತ್ತೇನೆ, ಎಲ್ಲಿ ಬದಲಾಯಿತು ಅಂತ ಸಿಕ್ಕುತ್ತೆ.

ಈಗ ಕೆಲಸ ನಡೀತಿರೋದು ಟ್ರಿಗರ್ ಸ್ಪ್ರಿಂಗ್ ಮೇಲೆ. ಎಸ್ಟೇಟ್‌ನಲ್ಲೇ ಸ್ಪ್ರಿಂಗ್ ಸುತ್ತಿಕೊಡುವವರು ಇದ್ದಾರೆ. ಬೇರೆ ಬೇರೆ ದಪ್ಪದ ತಂತಿಯಲ್ಲಿ ಮಾಡಿಸಿ, ಮಕ್ಕಳಿಗೇ ಕೊಟ್ಟು ಯಾವುದು ಬೇಕು ಅಂತ ಕೇಳುತ್ತಿದ್ದೇನೆ. ನೀವೂ ಮಾಡೋದಾದರೆ ಮಣ್ಣು ಮಾತ್ರ ಗಣೇಶ ಹಬ್ಬಕ್ಕೆ ಮುಂಚೆಯೇ ತಂದಿಡಿ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತಿಂಗಳುಗಟ್ಟಲೆ ಹದ ಕೆಡಲ್ಲ.