‘ಗಾಂಧಾರಿ’ ಹೆಸರಿನ ಪ್ಲೇಟು ಸಿಕ್ಕರೆ ಬಿಡಬೇಡಿ

ಹಳೇ ರೆಕಾರ್ಡು ಹುಡುಕುವ ಗೆಳೆಯರಿಗೆ ಒಂದು ಮಾತು. ಗಂಗೂಬಾಯಿ ಹಾನಗಲ್ ಅವರ ಆರಂಭದ ಕೆಲವು ಎಚ್‌ಎಂವಿ ಕಂಪನಿಯ ಪ್ಲೇಟುಗಳ ಮೇಲೆ ಹೆಸರು ‘ಗಾಂಧಾರಿ’ ಎಂದಿದೆ. ಬೇರೆ ಯಾರೋ ಅಂದುಕೊಂಡು ಪಕ್ಕಕ್ಕಿಡಬೇಡಿ. ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತಲ್ಲ, ಅದಕ್ಕೂ ಮೊದಲಿನ ತೆಳುಕಂಠ ಅಲ್ಲಿ ಸಿಗುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ!

ಅಸಲಿಯೇ ಎಂದು ನೋಡಲು ಲೇಬಲ್ಲಿನ ಅಂಚಿಗೆ ಉಗುರು ತಾಗಿಸಿ. 78 ವೇಗದ (ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ) ಹಳೇ ಪ್ಲೇಟಿನಲ್ಲಿ ಲೇಬಲ್ಲನ್ನು ಆಮೇಲೆ ಅಂಟಿಸುತ್ತಿರಲಿಲ್ಲ, ಅರಗಿನ ಜೊತೆಗೇ ಒತ್ತುತ್ತಿದ್ದರು. ಅಂಚು ಎದ್ದಿದ್ದರೆ, ಗೋಂದಿನ ಕಲೆಯಿದ್ದರೆ ಅನುಮಾನಪಡಿ. ಆಮೇಲೆ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಕೊರೆದ ಸಂಖ್ಯೆ ಲೇಬಲ್ಲಿನ ಮೇಲೂ ಅಚ್ಚಾಗಿದ್ದರೆ ಎರಡನ್ನೂ ಹೋಲಿಸಿ. ಎಲ್‌ಪಿಯಾದರೆ, ಅಂದರೆ ಆಮೇಲೆ ಬಂದ ಹೆಚ್ಚು ಹೊತ್ತು ಹಾಡುವ ಪ್ಲಾಸ್ಟಿಕ್ ಪ್ಲೇಟಾದರೆ, ಕವರಿನ ಸಂಖ್ಯೆಯನ್ನೂ ನೋಡಿ, ಒಳಗೆ ಬೇರೆ ಪ್ಲೇಟು ತುರುಕಿರುವುದು ಸಾಮಾನ್ಯ.

ದಯವಿಟ್ಟು ಅರಗಿನ ಪ್ಲೇಟನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಅರಗು ಕರಗುತ್ತದೆ. ನಾನು ಹಾಗೆ ಒಂದು ಪ್ಲೇಟು ಕಳೆದುಕೊಂಡೆ, ಆ ಸಂಕಟ ಇನ್ನೂ ಹೋಗಿಲ್ಲ. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲೆ ಇಡಲೇಬೇಡಿ, ಒಂದೇ ಸಲಕ್ಕೆ ಗೆರೆಗಳು ಹಾಳಾಗುತ್ತವೆ.