ಪೆಟ್ರೋಲ್ ತುಂಬಿಸಿದ ಮೇಲಷ್ಟೇ ಮುನಿಯುವ ಕಾರು

ನಿವೃತ್ತ ಮೇಷ್ಟ್ರೊಬ್ಬರ ಪೆಟ್ರೋಲ್ ಕಾರು ತಿಪಟೂರಿನ ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಅದರ ಸ್ಪಾರ್ಕ್ ಪ್ಲಗ್ಗುಗಳು, ಬ್ಯಾಟರಿ, ಕೊನೆಗೆ ಟ್ಯಾಂಕಿನೊಳಗಿನ ಪಂಪು ಕೂಡ ಬೇರೆ ಕಡೆ ಬದಲಾಗಿದ್ದವು. ರೋಗ ಮಾತ್ರ ಹಳೆಯದೇ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ, ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಎಷ್ಟು ಸಲ ಕೀ ತಿರುಗಿಸಿದರೂ ಹಿಡಿಯುತ್ತಿರಲಿಲ್ಲ. ಹಿಡಿದರೂ ಎರಡು ನಿಮಿಷ ಗಡಗಡ ನಡುಗುತ್ತಿತ್ತು. “ಹೊಟ್ಟೆ ತುಂಬಿದರೆ ಇದಕ್ಕೆ ನಿದ್ದೆ ಬರುತ್ತದೆ ಕಣಪ್ಪ” ಎಂದರು ಮೇಷ್ಟ್ರು. ಗಿರಾಕಿಯ ಬಾಯಲ್ಲಿ ಇಂಥ ಮಾತು ಬಂದರೆ ಮೊದಲು ಪರ್ಜ್ ವಾಲ್ವ್, ಅಂದರೆ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪುಟ್ಟ ಬಾಗಿಲು, ಎಲ್ಲಿದೆ ಎಂದು ಹುಡುಕಿ.

ಟ್ಯಾಂಕಿನ ಪೆಟ್ರೋಲ್ ಸದಾ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಗಾಳಿಗೆ ಸೇರದಂತೆ ಹಿಡಿದಿಡಲು ಕ್ಯಾನಿಸ್ಟರ್ ಎಂಬ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗಿರುವುದು ಇದ್ದಿಲಿನ ಹರಳುಗಳು; ನಮ್ಮ ಕಡೆ ತೆಂಗಿನ ಚಿಪ್ಪು ಸುಟ್ಟು ಮಾಡುವ ಇದ್ದಿಲಿಗೆ ದೂರದ ನೆಂಟ. ಎಂಜಿನ್ ಬಿಸಿಯಾಗಿ ಓಡುವಾಗ ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರ್ ಪರ್ಜ್ ವಾಲ್ವನ್ನು ಟಿಕ್ ಟಿಕ್ ಎಂದು ತೆರೆದು ಮುಚ್ಚುತ್ತ, ಕೂಡಿಟ್ಟ ಆವಿಯನ್ನು ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಎಳೆದು ಸುಡುತ್ತದೆ. ಎಂಜಿನ್ ನಿಂತಾಗ ಈ ವಾಲ್ವ್ ಮುಚ್ಚಿರಲೇಬೇಕು. ಮುಚ್ಚದಿದ್ದರೆ, ಪೆಟ್ರೋಲ್ ತುಂಬುವಾಗ ಟ್ಯಾಂಕಿನಿಂದ ಮೇಲೆದ್ದ ಆವಿಯೆಲ್ಲ ಎಂಜಿನ್ನಿಗೆ ನುಗ್ಗಿ ಉಸಿರು ಕಟ್ಟಿಸುತ್ತದೆ.

ಪರೀಕ್ಷೆಗೆ ಒಂದು ಬೆರಳು ಸಾಕು. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ವಾಲ್ವಿಗೆ ಕ್ಯಾನಿಸ್ಟರ್ ಕಡೆಯಿಂದ ಬರುವ ಹೋಸ್ ಬಿಚ್ಚಿ, ವಾಲ್ವಿನ ಆ ಬಾಯಿಗೆ ಬೆರಳಿಡಿ. ತಣ್ಣನೆಯ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಅದು ಬೆರಳನ್ನು ಎಳೆಯಬಾರದು. ಎಳೆದರೆ ವಾಲ್ವಿನ ಕನೆಕ್ಟರ್ ಕಿತ್ತು ಮತ್ತೆ ನೋಡಿ. ಕರೆಂಟೇ ಇಲ್ಲದಾಗಲೂ ಎಳೆಯುತ್ತಿದ್ದರೆ ವಾಲ್ವ್ ಒಳಗೆ ಸಿಕ್ಕಿಕೊಂಡಿದೆ, ಬೇರೆ ಸಾಕ್ಷಿ ಬೇಕಿಲ್ಲ. ಕನೆಕ್ಟರ್ ಕಿತ್ತೊಡನೆ ಎಳೆತ ನಿಂತರೆ ತಪ್ಪು ವಾಲ್ವಿನದಲ್ಲ. ವೈರಿಂಗ್ ಕಡೆ ತಿರುಗಿ. ಮೇಷ್ಟ್ರ ಕಾರಿನಲ್ಲಿ ಕನೆಕ್ಟರ್ ಕೈಯಲ್ಲಿ ಹಿಡಿದಿದ್ದರೂ ಬೆರಳು ಅಂಟಿಕೊಂಡಿತು.

ಆದರೂ ಇಸಿಯು ದಾಖಲಿಸಿಡುವ ದೋಷದ ಕೋಡುಗಳನ್ನು ಓದುವ ಸ್ಕ್ಯಾನರಿನಲ್ಲಿ ಒಂದು ಕೋಡೂ ಇರಲಿಲ್ಲ! ಹಿಂದಿನವರು ಮೋಸ ಹೋದದ್ದು ಇಲ್ಲೇ ಇರಬೇಕು. ಪಿ0443, ಪಿ0458, ಪಿ0459 ಇವು ಮೂರೂ ವಾಲ್ವಿನ ವಿದ್ಯುತ್ ದಾರಿಯ ದೂರುಗಳು. ವಾಲ್ವನ್ನು ತೆರೆಯುವ ವಿದ್ಯುತ್ ಸುರುಳಿ, ಅಂದರೆ ಕಾಯಿಲ್, ಚೆನ್ನಾಗಿದ್ದು ಬಾಯಿ ಮಾತ್ರ ತೆರೆದೇ ಉಳಿದರೆ ಈ ಕೋಡುಗಳು ಬರುವುದಿಲ್ಲ. ಅವು ಬಂದಾಗಲೂ ವಾಲ್ವನ್ನು ಎಸೆಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕಾಯಿಲಿನ ಎರಡು ಪಿನ್ನುಗಳ ನಡುವೆ ಸಾಮಾನ್ಯವಾಗಿ 15ರಿಂದ 30 ಓಮ್ ತೋರಿಸುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಕನೆಕ್ಟರಿನ ಒಂದು ವೈರಿಗೆ 12 ವೋಲ್ಟ್ ಬರಬೇಕು, ಇನ್ನೊಂದನ್ನು ಇಸಿಯು ಅರ್ಥಿಂಗ್‌ಗೆ ಜೋಡಿಸುತ್ತದೆ. 12 ವೋಲ್ಟ್ ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ವೈರಿನ ಉದ್ದಕ್ಕೂ ಇಲಿಯ ಹಲ್ಲಿನ ಗುರುತು ಹುಡುಕಿ. ಕೊಬ್ಬರಿ ತುಂಬಿದ ಮನೆಯ ಪಕ್ಕ ಕಾರು ನಿಲ್ಲಿಸುವ ಊರಿನಲ್ಲಿ ಇದು ತಮಾಷೆಯ ಮಾತಲ್ಲ.

ಸೋರಿಕೆಯ ಕೋಡುಗಳು ಬೇರೆ. ಪಿ0455 ದೊಡ್ಡ ಸೋರಿಕೆ. ಪಿ0442 ಸಣ್ಣದು, ಸುಮಾರು 1 ಮಿ.ಮೀ. ತೂತು, ಪಿ0456 ಅದರರ್ಧ. ಸೋರಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಗಾಡಿಗಳಲ್ಲಷ್ಟೇ ಇವು ಕಾಣುತ್ತವೆ. ಮೊದಲು ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರಿದಿದೆಯೇ ನೋಡಿ, ಆಮೇಲೆ ಹೋಸುಗಳ ತುದಿ. ಕಣ್ಣಿಗೆ ಸಿಗದಿದ್ದರೆ ಹೊಗೆ ಬಿಡುವ ಯಂತ್ರ ಇರುವವರ ಹತ್ತಿರ ಹೋಗಿ. ಪಂಕ್ಚರ್ ಅಂಗಡಿಯ ಗಾಳಿಯನ್ನು ಮಾತ್ರ ಈ ಪೈಪುಗಳಿಗೆ ಬಿಡಲೇಬೇಡಿ. ಹೊಗೆಯ ಪರೀಕ್ಷೆ ನಡೆಯುವುದು 1 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ. ಟೈರಿನ ಗಾಳಿ 30ರ ಮೇಲಿರುತ್ತದೆ. ಬಾಯಿಟ್ಟು ಹೀರುವುದೂ ಬೇಡ. ಹತ್ತಿರ ಬೀಡಿ, ಸಿಗರೇಟು ಬೇಡವೆಂದು ಬೇರೆ ಹೇಳಬೇಕಿಲ್ಲ.

ಕ್ಯಾನಿಸ್ಟರ್ ಗಾಳಿ ಎಳೆದುಕೊಳ್ಳುವ ವೆಂಟ್ ಪೈಪನ್ನೂ ಮರೆಯಬೇಡಿ. ಧೂಳು, ಕೆಸರು ಕಟ್ಟಿಕೊಂಡರೆ ಪೆಟ್ರೋಲ್ ತುಂಬುವಾಗ ಟ್ಯಾಂಕಿನ ಗಾಳಿ ಹೊರಹೋಗಲಾಗದೆ ಗನ್ ಮತ್ತೆ ಮತ್ತೆ ಕಟ್ ಆಗುತ್ತದೆ. ಒಮ್ಮೆ ಅದರೊಳಗಿಂದ ಕಣಜದ ಮಣ್ಣಿನ ಗೂಡು ತೆಗೆದಿದ್ದೇನೆ.

ಮೇಷ್ಟ್ರ ವಾಲ್ವನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿದೆ. ಸಾಸಿವೆಯಂಥ ಕಪ್ಪು ಪುಡಿ ಉದುರಿತು. ಕ್ಯಾನಿಸ್ಟರಿನ ಇದ್ದಿಲು ಒಡೆದು ಪೈಪಿನಲ್ಲಿ ಬಂದು ವಾಲ್ವಿನ ಬಾಯಿಗೆ ಸಿಕ್ಕಿತ್ತು. ಇಂಥ ಪುಡಿ ಕಂಡ ಮೇಲೆ ವಾಲ್ವೊಂದನ್ನೇ ಬದಲಿಸಿದರೆ ಹೊಸದೂ ಬೇಗ ಕೆಡುತ್ತದೆ. ಕ್ಯಾನಿಸ್ಟರನ್ನೂ ಬದಲಿಸಿ, ನಡುವಿನ ಪೈಪನ್ನು ಬಿಚ್ಚಿ ಸ್ವಚ್ಛ ಮಾಡಲೇಬೇಕು.

“ಬಂಕಿನಲ್ಲಿ ಗನ್ ಕಟ್ ಆದ ಮೇಲೂ ಹಾಕಿಸುತ್ತೀರಾ ಮೇಷ್ಟ್ರೇ?” ಎಂದು ಕೇಳಿದೆ. “ಹೌದಪ್ಪ, ಲೆಕ್ಕ ಸರಿಯಾಗಲಿ ಅಂತ ರೌಂಡ್ ಮಾಡಿಸುತ್ತೇನೆ” ಎಂದರು. ಆವಿಗಾಗಿ ಇರುವ ಡಬ್ಬಿಗೆ ಹಸಿ ಪೆಟ್ರೋಲನ್ನೇ ಕುಡಿಸಿದರೆ ಇದ್ದಿಲು ತೋಯ್ದು ಹಾಳಾಗುತ್ತದೆ. ಪ್ರತಿ ಸಲ ಎರಡು ಮೂರು ಲೀಟರ್ ಹೀಗೆ ಒತ್ತಿ ತುಂಬಿಸುತ್ತಿದ್ದರಂತೆ.

ಹೊಸ ವಾಲ್ವ್ ಹಾಕಿದ ಮೇಲೆ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ ತೃಪ್ತರಾಗಬೇಡಿ, ಪರೀಕ್ಷೆ ನಡೆಯುವುದು ಬಂಕಿನಲ್ಲೇ. ನಾನೂ ಮೇಷ್ಟ್ರ ಜೊತೆ ಹೋದೆ. ಗನ್ ಕಟ್ ಆಯಿತು, ಮೀಟರ್ 1,837 ರೂಪಾಯಿಗೆ ನಿಂತಿತು. ಹುಡುಗ ಮತ್ತೆ ಒತ್ತಲು ಕೈ ಹಾಕಿದ. “ಬಿಡಪ್ಪ, ಚಿಲ್ಲರೆ ಇದೆ” ಎಂದು ಮೇಷ್ಟ್ರು ಜೇಬು ತಡಕುತ್ತಿರುವಾಗ ನಾನು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು.