ಕ್ಯಾಮೆರಾದ ಒಳಪೆಟ್ಟನ್ನು ಪತ್ತೆಹಚ್ಚುವ ಬಗೆ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ನನ್ನ ಹೆಗಲಿನಿಂದ ಜಾರಿದ ಕ್ಯಾಮೆರಾ ಕಲ್ಲುಬೆಂಚಿನ ಅಂಚಿಗೆ ಬಡಿಯಿತು. ಹೊರಗೆ ಗೀರೂ ಕಾಣದಿದ್ದುದರಿಂದ ನೆಮ್ಮದಿಯಾಗಿ ಚಿತ್ರ ತೆಗೆಯುತ್ತಲೇ ಹೋದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಆಮೇಲೆ ತೆಗೆದ ಪ್ರತಿ ಚಿತ್ರದ ಬಲಬದಿಯೂ ಮಸುಕಾಗಿತ್ತು.

ಪೆಟ್ಟು ಬಿದ್ದೊಡನೆ ಆನ್ ಮಾಡಿ ನೋಡುವ ಆತುರ ಸಹಜವಾದರೂ, ಮೊದಲು ಆಫ್ ಮಾಡಿ ಬ್ಯಾಟರಿ ಮತ್ತು ಕಾರ್ಡನ್ನು ತೆಗೆದಿಡಬೇಕು. ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರ್ ಗಾಜು ಒಡೆದಿದ್ದರೆ ಬಟ್ಟೆಯಿಂದ ಒರೆಸಬಾರದು. ಲೆನ್ಸನ್ನು ಕೆಳಮುಖವಾಗಿ ಹಿಡಿದು ಬ್ಲೋವರ್‌ನಿಂದ ಚೂರುಗಳನ್ನು ಉದುರಿಸಬೇಕು. ಬಳಿಕ ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡಬಹುದು. ಸ್ಟೆಬಿಲೈಸೇಷನ್ (ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇರುವ ಎಷ್ಟೋ ಲೆನ್ಸ್ ಮತ್ತು ಕ್ಯಾಮೆರಾ ಬಾಡಿಗಳು ಆಫ್ ಆಗಿದ್ದಾಗ ಸಹಜವಾಗಿಯೇ ಕಟಕಟ ಎನ್ನುತ್ತವೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಜೂಮ್ ರಿಂಗನ್ನು ತುದಿಯಿಂದ ತುದಿಗೆ ತಿರುಗಿಸುವಾಗ ಒಂದೇ ಜಾಗದಲ್ಲಿ ಮರಳು ಸಿಕ್ಕಿದಂತೆ ತಡೆದರೆ ಮಾತ್ರ ಅನುಮಾನಿಸಬೇಕು.

ಮೌಂಟ್, ಅಂದರೆ ಲೆನ್ಸ್ ಬಾಡಿಯೊಂದಿಗೆ ಕೂಡುವ ಉಂಗುರದ ವಿಷಯದಲ್ಲಿ ಉದಾಸೀನ ಸಲ್ಲದು. ನಿಕಾನ್ ಎಫ್ ಮೌಂಟ್‌ನಿಂದ ಚಿತ್ರ ಸೆರೆಹಿಡಿಯುವ ಸೆನ್ಸರ್‌ಗೆ 46.5 ಮಿಲಿಮೀಟರ್, ಸೋನಿ ಇ ಮೌಂಟ್‌ನಿಂದ 18 ಮಿಲಿಮೀಟರ್ ಅಂತರವಿರುತ್ತದೆ. ಈ ಅಂತರ ಸುತ್ತಲೂ ಒಂದೇ ಸಮವಿರಬೇಕಾದ್ದರಿಂದ, ಆ ಉಂಗುರ ಒಂದು ಬದಿಗೆ ಕೂದಲೆಳೆಯಷ್ಟು ಬಾಗಿದರೂ ಚಿತ್ರದ ಆ ಪಕ್ಕ ಫೋಕಸ್ ತಪ್ಪುತ್ತದೆ. ಲೆನ್ಸ್ ತುಸು ತಿರುಗಿದಂತೆ ಆಡುವುದು ಸಾಮಾನ್ಯ. ಮೇಲೆ ಕೆಳಗೆ ಅಲುಗಾಡುವುದು ಸಾಮಾನ್ಯವಲ್ಲ.

ನಿಜವಾದ ಪರೀಕ್ಷೆಗೆ ಹಲವರು ಇಟ್ಟಿಗೆ ಗೋಡೆಯನ್ನು ಹೇಳುತ್ತಾರಾದರೂ ಕ್ಯಾಮೆರಾವನ್ನು ಗೋಡೆಗೆ ಸರಿಸಮನಾಗಿ ನಿಲ್ಲಿಸುವುದೇ ಕಷ್ಟವಾದ್ದರಿಂದ, ನಾನು ಮನೆಯ ತಾರಸಿಯಿಂದ ದೂರದ ಮೊಬೈಲ್ ಟವರನ್ನೇ ಆಯ್ದುಕೊಳ್ಳುತ್ತೇನೆ. ಬಿಸಿಲೇರಿದರೆ ಕಾಂಕ್ರೀಟ್ ಚಾವಣಿಗಳ ಮೇಲಿನ ಗಾಳಿ ಕುಣಿದು ಎಲ್ಲವೂ ಮಸುಕಾಗುವುದರಿಂದ ಬೆಳಗಿನ ಹೊತ್ತೇ ಸರಿ. ಟ್ರೈಪಾಡ್ ಮೇಲಿಟ್ಟು, ಸ್ಟೆಬಿಲೈಸೇಷನ್ ಆಫ್ ಮಾಡಿ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಟವರನ್ನು ನಡುವಿನಲ್ಲಿಟ್ಟು ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಬೇಕು. ಆಮೇಲೆ ಫೋಕಸ್ ಮುಟ್ಟದೆ ಅದೇ ಟವರನ್ನು ಒಂದೊಂದಾಗಿ ನಾಲ್ಕು ಮೂಲೆಗಳಿಗೆ ತಂದು ಚಿತ್ರ ತೆಗೆಯಬೇಕು. ನಾಲ್ಕು ಮೂಲೆಯೂ ಒಂದೇ ರೀತಿ ಮೃದುವಾಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಬದಿಯೇ ಕೆಟ್ಟಿದ್ದರೆ ಒಳಗಿನ ಗಾಜು ಅಥವಾ ಮೌಂಟ್ ಸರಿದಿರುವ ಸಂಭವ ಹೆಚ್ಚು. ಅಪರ್ಚರನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಈ ದೋಷ ಬಹುಮಟ್ಟಿಗೆ ಮರೆಯಾಗುತ್ತದೆ, ಹಾಗಾಗಿ ಆ ಚಿತ್ರವನ್ನು ನಂಬಬಾರದು. ಜೂಮ್ ಲೆನ್ಸಾದರೆ ಎರಡು ತುದಿಗಳಲ್ಲೂ ನೋಡಬೇಕು. ಗೆಳೆಯರ ಲೆನ್ಸನ್ನು ಇದೇ ಬಾಡಿಯ ಮೇಲೆ ಹಾಕಿದಾಗಲೂ ಅದೇ ಬದಿ ಮಸುಕಾದರೆ ತೊಂದರೆ ಬಾಡಿಯದು.

ಇನ್ನು ಅಪರ್ಚರ್. ಸ್ಥಿರ ಬೆಳಕಿನಲ್ಲಿ ಎಫ್/4, 1/1000 ಸೆಕೆಂಡಿನ ಚಿತ್ರವೂ ಎಫ್/16, 1/60 ಸೆಕೆಂಡಿನ ಚಿತ್ರವೂ ಹೆಚ್ಚುಕಡಿಮೆ ಒಂದೇ ಹೊಳಪಿನದಾಗಿರಬೇಕು. ಬಿಳಿ ಗೋಡೆಯನ್ನು ಬಿಸಿಲಿನಲ್ಲಿ 1/4000ರಲ್ಲಿ ತೆಗೆದಾಗ ಒಂದು ಅಂಚು ಕಪ್ಪಾದರೆ ಶಟರ್ ಕಡೆ ಗಮನ ಹರಿಸಬೇಕು. ಏನೇ ಕಂಡರೂ ಬಾಡಿಯನ್ನು ನೀವೇ ಬಿಚ್ಚಬೇಡಿ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ರಿಪೇರಿಗೆ ಹೋಗುವಾಗ ಮೂಲೆಗಳ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ನಾನು ಬರಿಗೈಯಲ್ಲಿ ಹೋದಾಗ ಅಂಗಡಿಯವರು ಒಂದು ಚಿತ್ರ ತೆಗೆದು, ಹಿಂದಿನ ಪುಟ್ಟ ಪರದೆ ನೋಡಿ, “ಏನೂ ಆಗಿಲ್ಲ ಸಾರ್” ಎಂದು ವಾಪಸ್ ಕೊಟ್ಟಿದ್ದರು.